ಹಳೆಯ ಟೊಯೊಟಾ ಪಿಕಪ್‌ಗೆ ಟ್ಯೂನ್ ಅಪ್: ತಣ್ಣಗಿದ್ದಾಗ ಅರ್ಧ ಕೆಲಸ, ಬಿಸಿಯಾದ ಮೇಲೆ ಅರ್ಧ

ನಾವು ಹೈಲಕ್ಸ್ ಎಂದು ಕರೆಯುವ ಗಾಡಿ ಅಮೆರಿಕದಲ್ಲಿ 1995ರವರೆಗೆ ಬರೀ ‘ಪಿಕಪ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಅದರ 2.4 ಲೀಟರಿನ 22ಆರ್‌ಇ ಪೆಟ್ರೋಲ್ ಎಂಜಿನ್ ಮನೆಯಂಗಳದ ರಿಪೇರಿಗೆ ಹೇಳಿ ಮಾಡಿಸಿದಂತಿದೆ. ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಇಂಜೆಕ್ಟರ್ ಮೂಲಕ ಬಿಡುತ್ತದೆ. ಕಿಡಿ ಹಂಚುವ ಕೆಲಸ ಇನ್ನೂ ಹಳೆಯ ಡಿಸ್ಟ್ರಿಬ್ಯೂಟರಿನದು. ಕಾರ್ಬ್ಯುರೇಟರ್ ಕಾಲದಲ್ಲಿ ಪಳಗಿದವರು ಐಡ್ಲಿಂಗ್ (ಗಾಡಿ ನಿಂತಿರುವಾಗಿನ ಎಂಜಿನ್ನಿನ ಓಟ) ಕೆಟ್ಟೊಡನೆ ಸ್ಕ್ರೂಗೆ ಕೈ ಹಾಕುತ್ತಾರೆ. ಇಲ್ಲಿ ಆ ಸ್ಕ್ರೂವಿನ ಸರದಿ ಕಟ್ಟಕಡೆಗೆ.

ಮೊದಲು ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಡಿ. ಮುಂಭಾಗದಿಂದ ಸರಪಳಿ ಎಳೆದಾಡುವ ಸದ್ದು ಬಂದರೆ ಟೈಮಿಂಗ್ ಚೈನಿನ ಪ್ಲಾಸ್ಟಿಕ್ ಗೈಡ್ ಒಡೆದಿರಬಹುದು. ಈ ಎಂಜಿನ್ನಿನ ಹಳೆಯ ರೋಗವದು. ಸಡಿಲವಾದ ಚೈನು ಮುಂದಿನ ಕವಚವನ್ನೇ ಕೊರೆದು ಕೂಲಂಟನ್ನು ಆಯಿಲ್‌ಗೆ ಬೆರೆಸಿಬಿಡುತ್ತದೆ. ಆ ಸದ್ದಿದ್ದರೆ ಟ್ಯೂನ್ ಅಪ್ ಮರೆತು ಚೈನನ್ನು ನೋಡಿ.

ಸದ್ದಿಲ್ಲದಿದ್ದರೆ ಎಂಜಿನ್ ನಿಲ್ಲಿಸಿ, ಪ್ಲಗ್ಗುಗಳಿಂದ ಶುರು ಮಾಡಿ. ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಹೆಡ್ಡಿನ ತಿರುಪಿನ ಎಳೆಗಳು (ಥ್ರೆಡ್) ಕಿತ್ತುಬರುವ ಅಪಾಯವಿದೆ. ಹೊಸ ಪ್ಲಗ್ಗಿನಲ್ಲಿ ಕಿಡಿ ಹಾರುವ ಗ್ಯಾಪ್ 0.8 ಮಿ.ಮೀ. ಇರಲಿ. ಕೈಯಿಂದಲೇ ತಿರುಗಿಸಿ ಕೂರಿಸಿ, ಕೊನೆಗೆ ಮಾತ್ರ ಸ್ಪ್ಯಾನರ್ ಹಿಡಿಯಿರಿ. ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್ ಮತ್ತು ವೈರುಗಳನ್ನು ಒಟ್ಟಿಗೇ ಬದಲಿಸಿ. ವೈರುಗಳನ್ನು ಒಂದೊಂದಾಗಿ ವರ್ಗಾಯಿಸಿದರೆ ಸಿಲಿಂಡರುಗಳಿಗೆ ಕಿಡಿ ಹೋಗುವ 1-3-4-2 ಕ್ರಮ ತಪ್ಪುವುದಿಲ್ಲ. ಏರ್ ಫಿಲ್ಟರ್ ಬದಲಿಸಲು ಐದು ನಿಮಿಷ ಸಾಕು.

ತಾಳ್ಮೆ ಬೇಡುವುದು ಪೆಟ್ರೋಲ್ ಫಿಲ್ಟರ್. ಎಂಜಿನ್ನಿನ ಬಲಬದಿಯಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅದನ್ನು ಅಡಗಿಸಿಟ್ಟವರು ಸ್ಪ್ಯಾನರ್ ಹಿಡಿದವರೇ ಇರಲಾರರು. ಬಲ ಮುಂಚಕ್ರ ಬಿಚ್ಚಿ ಆ ಕಡೆಯಿಂದ ಕೈ ತೂರಿಸುವುದು ಸುಲಭ. ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿರಬೇಕು, ಬರೀ ಜಾಕಿನ ಮೇಲಲ್ಲ. ಎಂಜಿನ್ ನಿಂತರೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಬೋಲ್ಟಿನ ಸುತ್ತ ಬಟ್ಟೆ ಸುತ್ತಿ, ನಿಧಾನವಾಗಿ ಸಡಿಲಿಸಿ. ಹತ್ತಿರ ಬೆಂಕಿಯಾಗಲಿ ಉರಿಯುವ ಬಲ್ಬಾಗಲಿ ಇರಕೂಡದು. ಹಳೆಯ ವಾಷರ್‌ಗಳನ್ನು ಮತ್ತೆ ಬಳಸಬೇಡಿ.

ಈಗ ಚಕ್ರ ಮತ್ತು ಬ್ಯಾಟರಿ ತಂತಿ ಜೋಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ. ಫಿಲ್ಟರಿನ ಬಳಿ ಸೋರಿಕೆಯಿಲ್ಲವೆಂದು ನೋಡಿಕೊಂಡು, ನಿಲ್ಲಿಸಿ, ವಾಲ್ವ್ ಕವರ್ ಬಿಚ್ಚಿ. ಕವಾಟಗಳ ಅಂತರವನ್ನು ಬಿಸಿಯಲ್ಲೇ ಅಳೆಯಬೇಕು: ಇನ್‌ಟೇಕ್ 0.20 ಮಿ.ಮೀ., ಎಕ್ಸಾಸ್ಟ್ 0.30 ಮಿ.ಮೀ. ಒಂದನೇ ಪಿಸ್ಟನ್ನನ್ನು ಕಂಪ್ರೆಷನ್ ಹೊಡೆತದ ತುದಿಗೆ ತಂದು 1 ಮತ್ತು 2ರ ಇನ್‌ಟೇಕ್, 1 ಮತ್ತು 3ರ ಎಕ್ಸಾಸ್ಟ್ ಸರಿಮಾಡಿ. ಕ್ರ್ಯಾಂಕನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಉಳಿದ ನಾಲ್ಕನ್ನು ಮುಗಿಸಿ. ಟ್ಯಾಪೆಟ್ (ಕವಾಟ ಒತ್ತುವ ಭಾಗ) ಸದ್ದೇ ಬರಬಾರದೆಂದು ಬಿಗಿ ಮಾಡುವುದು ಬೇಡ. ಬಿಗಿಯಾದ ಎಕ್ಸಾಸ್ಟ್ ಕವಾಟ ಸದ್ದಿಲ್ಲದೆ ಸುಟ್ಟುಹೋಗುತ್ತದೆ. ತುಸು ಟಕಟಕ ಎನ್ನುತ್ತಿರುವುದೇ ಕ್ಷೇಮ. ಕವರ್ ಮುಚ್ಚುವಾಗ ಎರಡೂ ತುದಿಯ ಅರ್ಧಚಂದ್ರದ ರಬ್ಬರುಗಳು ಹೊಸವಾಗಿದ್ದರೆ ಆಯಿಲ್ ಜಿನುಗುವುದಿಲ್ಲ.

ಟೈಮಿಂಗ್‌ಗೆ, ಅಂದರೆ ಕಿಡಿ ಹಾರುವ ಸಮಯ ಸರಿಪಡಿಸುವುದಕ್ಕೆ, ಮುನ್ನ ಗಾಳಿ ಸೋರಿಕೆಯ ಪರೀಕ್ಷೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆಯಿರಿ. ಎಂಜಿನ್ ತಡವರಿಸಬೇಕು, ಏಕೆಂದರೆ ಏರ್ ಫ್ಲೋ ಮೀಟರ್ ಅಳೆಯದ ಗಾಳಿ ಒಳನುಗ್ಗುತ್ತದೆ. ಏನೂ ಬದಲಾಗದಿದ್ದರೆ ಗಾಳಿ ಈಗಾಗಲೇ ಬೇರೆಲ್ಲೋ ನುಸುಳುತ್ತಿದೆ: ಬಿರಿದ ರಬ್ಬರ್ ಕೊಳವೆಯನ್ನು ಹುಡುಕಿ.

ನಂತರ ಬಾನೆಟ್ಟಿನ ಕೆಳಗಿರುವ ಪರೀಕ್ಷಾ ಪೆಟ್ಟಿಗೆಯ ಮುಚ್ಚಳ ತೆರೆದು, ಅಲ್ಲಿ ಬರೆದಿರುವ ಹೆಸರು ನೋಡಿಕೊಂಡು ಟಿಇ1 (TE1) ಮತ್ತು ಇ1 (E1) ಬಿಂದುಗಳನ್ನು ತುಂಡು ವೈರಿನಿಂದ ಜೋಡಿಸಿ. ಬೇರೆ ರಂಧ್ರಕ್ಕೆ ಚುಚ್ಚಿದರೆ ದಂಡ ತೆರಬೇಕಾದೀತು. ಟೈಮಿಂಗ್ ಲೈಟಿನಲ್ಲಿ ಕ್ರ್ಯಾಂಕ್ ಪುಲ್ಲಿಯ ಗೆರೆ 5 ಡಿಗ್ರಿಗೆ ಬರುವಂತೆ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಬಿಗಿ ಮಾಡಿ. ವೈರ್ ತೆಗೆದಾಗ ಗೆರೆ ಸುಮಾರು 12ಕ್ಕೆ ಜಿಗಿದರೆ ಕಂಪ್ಯೂಟರ್ ತನ್ನ ಪಾಲಿನ ಕೆಲಸ ಮಾಡುತ್ತಿದೆ. ಇನ್ನು ಐಡಲ್ ಸ್ಕ್ರೂ ಮುಟ್ಟಬಹುದು. ವೇಗ ಎಷ್ಟೆಂದು ಬಾನೆಟ್ಟಿನಡಿಯ ಚೀಟಿಯಲ್ಲಿದೆ.

ಇಷ್ಟಾದರೂ ಎಂಜಿನ್ ಮಿಸ್ಸಿಂಗ್ ಹೊಡೆದರೆ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಆನ್‌ನಲ್ಲಿಟ್ಟು ಅದೇ ವೈರನ್ನು ಮತ್ತೆ ಜೋಡಿಸಿ. ಚೆಕ್ ಎಂಜಿನ್ ದೀಪ ಒಂದೇ ಲಯದಲ್ಲಿ ಮಿನುಗಿದರೆ ಕಂಪ್ಯೂಟರ್ ದೋಷವನ್ನೇನೂ ದಾಖಲಿಸಿಲ್ಲ. 1990ರ ದಶಕದ ಗಾಡಿಗಳಲ್ಲಿ ಎರಡು ಮಿನುಗು, ಬಿಡುವು, ಮತ್ತೆರಡು ಮಿನುಗು ಎಂದರೆ ಕೋಡ್ 22: ಕೂಲಂಟ್ ತಾಪ ಅಳೆಯುವ ಸೆನ್ಸರ್ ಅಥವಾ ಅದರ ವೈರಿಂಗನ್ನು ಪರೀಕ್ಷಿಸಿ.