ಸಂಶೋಧನಾ ಪೇಪರ್‌ನ ಇಂಗ್ಲಿಷ್ ತಿದ್ದಲು ನಂಬಿಕಸ್ತರೊಬ್ಬರು ಸಿಕ್ಕಿದ್ದು ಹೀಗೆ

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ತುಮಕೂರು ಕಡೆಯ ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಪಿಎಚ್‌ಡಿ ಮಾಡಿದ್ದು ಮಣ್ಣು ವಿಜ್ಞಾನದಲ್ಲಿ. ಮಳೆ ನಂಬಿದ ರಾಗಿ ಹೊಲದ ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಹಾಕಿದರೆ ನೀರು ಎಷ್ಟು ನಿಲ್ಲುತ್ತದೆ, ಬೆಳೆಗೆ ಸಾರಜನಕ ಎಷ್ಟು ಸಿಗುತ್ತದೆ ಅನ್ನೋದು ನನ್ನ ವಿಷಯ. ಪ್ರಯೋಗ ಚೆನ್ನಾಗಿ ಬಂದಿತ್ತು. ಆದರೆ ಮೊದಲ ಪೇಪರ್ ಜರ್ನಲ್‌ನಿಂದ ವಾಪಸ್ ಬಂತು. ಅಂಕಿಅಂಶ ಸರಿಯಿದೆ, ಇಂಗ್ಲಿಷ್ ಸರಿಮಾಡಿಸಿ ಕಳಿಸಿ ಅಂತ ರಿವ್ಯೂವರ್ ಬರೆದಿದ್ದರು. ಮೂರು ವರ್ಷ ಹೊಲದಲ್ಲಿ ನಿಂತು ಮಾಡಿದ ಕೆಲಸ ಭಾಷೆಗೋಸ್ಕರ ನಿಂತುಹೋಯ್ತಲ್ಲ ಅಂತ ತುಂಬಾ ನೋವಾಯಿತು.

ಆ ಅವಸರದಲ್ಲೇ ತಪ್ಪು ಮಾಡಿದೆ. ಹಾಸ್ಟೆಲ್ ಹತ್ತಿರದ ಜೆರಾಕ್ಸ್ ಅಂಗಡಿಯ ಗೋಡೆಯಲ್ಲಿ ಒಂದು ಚೀಟಿ ಅಂಟಿಸಿದ್ದರು. ಎಡಿಟಿಂಗ್, ಪ್ಲೇಜರಿಸಂ (ಬೇರೆಯವರ ಬರಹದ ನಕಲು) ಕಡಿಮೆ ಮಾಡಿಕೊಡುವುದು, ಪಬ್ಲಿಕೇಶನ್ ಗ್ಯಾರಂಟಿ, ಎಲ್ಲ ಒಂದೇ ಪ್ಯಾಕೇಜ್. ಫೋನ್ ಮಾಡಿದೆ, ಪೂರ್ತಿ ದುಡ್ಡು ಮುಂಚೆಯೇ ಕಳಿಸಿದೆ. ಎರಡೇ ದಿನಕ್ಕೆ ಫೈಲ್ ಬಂತು. ಎಲ್ಲಿ ಏನು ಬದಲಾಗಿದೆ ಅಂತ ಒಂದು ಗುರುತೂ ಇರಲಿಲ್ಲ. ಓದಲು ಸರಾಗವಾಗಿತ್ತು, ಹಾಗಾಗಿ ಗೈಡ್‌ಗೆ ಕಳಿಸಿಬಿಟ್ಟೆ.

ಅವತ್ತೇ ಸಂಜೆ ಮೇಡಂ ಫೋನ್ ಮಾಡಿದರು. "ಅವೈಲಬಲ್ ನೈಟ್ರೋಜನ್ ಎಲ್ಲಿ ಹೋಯ್ತಮ್ಮಾ?" ಅಂದರು. ಬೆಳೆಗೆ ಸಿಗುವ ಸಾರಜನಕಕ್ಕೆ ನಾವು ಬಳಸುವ ಪದ ಅದು. ತೆಗೆದು ನೋಡಿದರೆ ಆಬ್ಟೇನಬಲ್ ನೈಟ್ರೋಜನ್ ಆಗಿತ್ತು. ಬಲ್ಕ್ ಡೆನ್ಸಿಟಿ (ಇಷ್ಟು ಗಾತ್ರದ ಒಣ ಮಣ್ಣಿಗೆ ಎಷ್ಟು ತೂಕ ಅನ್ನೋ ಲೆಕ್ಕ) ಹೋಗಿ ಮಾಸ್ ಥಿಕ್‌ನೆಸ್. ಫೀಲ್ಡ್ ಕೆಪ್ಯಾಸಿಟಿ ಹೋಗಿ ಗ್ರೌಂಡ್ ಎಬಿಲಿಟಿ. ಫೀಲ್ಡ್ ಕೆಪ್ಯಾಸಿಟಿ ಅಂದರೆ ಮಳೆ ಬಂದು ಹೆಚ್ಚಿನ ನೀರು ಇಳಿದುಹೋದ ಮೇಲೆ ಮಣ್ಣು ಹಿಡಿದಿಟ್ಟುಕೊಳ್ಳುವ ನೀರು. ಅದು ಅಳೆದು ಹೇಳುವ ಸಂಗತಿ, ಬೇರೆ ಪದ ಹಾಕಿದರೆ ಅರ್ಥವೇ ಇಲ್ಲ. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಸಿಗ್ನಿಫಿಕೆಂಟ್ ಅನ್ನೋ ಪದದ ಬದಲಾವಣೆ. ಎಲ್ಲ ಕಡೆ ಇಂಪಾರ್ಟೆಂಟ್ ಅಂತ ಮಾಡಿದ್ದರು. ಎರಡು ಗೊಬ್ಬರಗಳ ನಡುವೆ ಸಿಗ್ನಿಫಿಕೆಂಟ್ ವ್ಯತ್ಯಾಸ ಇಲ್ಲ ಅಂದರೆ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ವ್ಯತ್ಯಾಸ ಇದೆ ಅಂತ ಹೇಳಲು ಆಧಾರ ಸಾಲದು ಅಂತ. ಇಂಪಾರ್ಟೆಂಟ್ ವ್ಯತ್ಯಾಸ ಇಲ್ಲ ಅಂದರೆ ಅದು ಬೇರೆಯೇ ಮಾತು, ಅಲ್ವಾ?

ಇದಕ್ಕೆ ಒಂದು ಕಾರಣ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಬೇರೆ ಬರಹಗಳ ಜೊತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದಕ್ಕಿಂತ ಜಾಸ್ತಿಯಾದರೆ ಕ್ರಮ. ಆ ಪರ್ಸೆಂಟ್ ಇಳಿಸುವ ಭಯಕ್ಕೆ ಜನ ಇಂಥವರ ಹತ್ತಿರ ಹೋಗುತ್ತಾರೆ, ಇವರು ಸಾಫ್ಟ್‌ವೇರ್‌ಗೆ ಹಾಕಿ ಪದಕ್ಕೆ ಪದ ಬದಲಿಸಿ ಕೊಡುತ್ತಾರೆ. 2021ರಲ್ಲಿ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬಾನಾಕ್ ಮತ್ತು ಸಂಗಡಿಗರು ಪ್ರಕಟವಾದ ಪೇಪರ್‌ಗಳಲ್ಲೇ ಇಂಥ ಪದಗಳನ್ನು ಹುಡುಕಿ ತೋರಿಸಿದ್ದರು. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಇರಬೇಕಾದಲ್ಲಿ ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್ ಅಂತ ಇತ್ತು. ಮೇಡಂ ನೋಡದೇ ಹೋಗಿದ್ದರೆ ನನ್ನ ಪೇಪರ್ ಕೂಡ ಆ ಸಾಲಿಗೆ ಸೇರುತ್ತಿತ್ತು.

ಆಮೇಲೆ ಗೋಡೆಯ ಚೀಟಿ ನೋಡುವುದು ಬಿಟ್ಟೆ. ನಮ್ಮ ವಿಷಯದ ಒಳ್ಳೆಯ ಪೇಪರ್‌ಗಳ ಕೊನೆಯಲ್ಲಿರುವ ಕೃತಜ್ಞತೆಯ ಸಾಲುಗಳನ್ನು ಓದಲು ಶುರು ಮಾಡಿದೆ. ಭಾಷೆ ತಿದ್ದಿದವರ ಹೆಸರು ಕೆಲವರು ಅಲ್ಲಿ ಹಾಕಿರುತ್ತಾರೆ. ಹಾಗೆ ಒಂದು ಹೆಸರು ಸಿಕ್ಕಿತು, ಸೀನಿಯರ್ ಅಕ್ಕ ಒಬ್ಬರು ಇನ್ನೆರಡು ಕೊಟ್ಟರು. ಮೂವರಿಗೂ ಒಂದೇ ಎರಡು ಪುಟ ಕಳಿಸಿ, ಇಷ್ಟನ್ನು ತಿದ್ದಿ ಕೊಡಿ, ಇದಕ್ಕೆ ದುಡ್ಡು ಕೊಡುತ್ತೇನೆ ಅಂದೆ. ಆ ಪುಟಗಳಲ್ಲಿ ಬೇಕೆಂದೇ ಒಂದು ತಪ್ಪು ಇಟ್ಟಿದ್ದೆ. ಟೇಬಲ್‌ನಲ್ಲಿ ರಾಗಿ ಇಳುವರಿ 2.31 ಟನ್, ಬರವಣಿಗೆಯಲ್ಲಿ 2.13.

ಒಬ್ಬರು ಸಮಯವಿಲ್ಲ ಅಂದರು. ಇನ್ನೊಬ್ಬರು ವ್ಯಾಕರಣ ಚೊಕ್ಕವಾಗಿ ತಿದ್ದಿದ್ದರು, ಆದರೆ ಒಂದು ಪ್ರಶ್ನೆಯೂ ಕೇಳಿರಲಿಲ್ಲ. ಮೂರನೆಯವರು ಮೈಸೂರಿನವರು, ಮೊದಲು ಪ್ರಕಾಶನ ಕಂಪನಿಯಲ್ಲಿ ಕಾಪಿ ಎಡಿಟರ್ ಆಗಿದ್ದವರು. ಅವರ ಫೈಲ್ ತೆರೆದಾಗ ಟ್ರ್ಯಾಕ್ ಚೇಂಜಸ್‌ನಲ್ಲಿ ಪ್ರತಿ ತಿದ್ದುಪಡಿಯೂ ಕಾಣುತ್ತಿತ್ತು, ಪಕ್ಕದಲ್ಲಿ ಏಳು ಪ್ರಶ್ನೆಗಳಿದ್ದವು. 2.31 ಸರಿಯೋ 2.13 ಸರಿಯೋ? ಖಾರಿಫ್ ಅಂದರೆ ಹೊರದೇಶದ ಓದುಗರಿಗೆ ತಿಳಿಯುತ್ತದೆಯೇ, ತಿಂಗಳು ಹೇಳಬಹುದೇ? ಕ್ವಿಂಟಲ್ ಲೆಕ್ಕವನ್ನು ಜರ್ನಲ್ ಒಪ್ಪುತ್ತದೆಯೇ? ಆನ್ ಪಾರ್ ಅಂತ ಬರೆದಿದ್ದೀರಿ, ಎರಡೂ ಸಮ ಅಂತಲೋ, ವ್ಯತ್ಯಾಸ ಸಿಗ್ನಿಫಿಕೆಂಟ್ ಅಲ್ಲ ಅಂತಲೋ?

ಈ ಕೊನೆಯ ಪ್ರಶ್ನೆ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ನಮ್ಮ ಕೃಷಿ ಕಾಲೇಜುಗಳ ಥೀಸಿಸ್‌ಗಳಲ್ಲಿ ಆನ್ ಪಾರ್ ಅನ್ನುವುದು ಎಷ್ಟು ರೂಢಿಯೆಂದರೆ ಅದನ್ನು ಬಿಡಿಸಿ ಹೇಳಬೇಕು ಅಂತ ನಮಗೆ ಅನ್ನಿಸುವುದೇ ಇಲ್ಲ. ಅವರು ಮಣ್ಣು ವಿಜ್ಞಾನ ಓದಿದವರಲ್ಲ, ಆದರೂ ಅರ್ಥ ಎಲ್ಲಿ ಜಾರುತ್ತದೆ ಅಂತ ಹಿಡಿದರು. ತಮಗೆ ಗೊತ್ತಿಲ್ಲದ ಪದವನ್ನು ಸುಮ್ನೆ ಬದಲಿಸಲಿಲ್ಲ, ನನ್ನನ್ನೇ ಕೇಳಿದರು. ನನಗೆ ಬೇಕಿದ್ದದ್ದು ಇದೇ.

ಫೋನಿನಲ್ಲಿ ಮಾತಾಡಿದಾಗ ಇನ್ನಷ್ಟು ಧೈರ್ಯ ಬಂತು. ಯಾವ ಜರ್ನಲ್, ಬ್ರಿಟಿಷ್ ಸ್ಪೆಲಿಂಗೋ ಅಮೆರಿಕನ್ನೋ, ಗೈಡ್‌ಗೆ ಹೇಳಿದ್ದೀರಾ ಅಂತ ಕೇಳಿದರು. ಪೀಠಿಕೆಯನ್ನು ನೀವೇ ಬೇರೆ ಮಾತಿನಲ್ಲಿ ಬರೆದುಕೊಡುತ್ತೀರಾ ಅಂತ ಕೇಳಿದೆ. "ಆಗಲ್ಲಮ್ಮ, ಅದು ನೀವೇ ಬರೆಯಬೇಕಾದ್ದು. ನೀವು ಬರೆದದ್ದನ್ನು ನಾನು ತಿದ್ದಬಹುದು" ಅಂದರು. ಪೇಪರ್ ಅಕ್ಸೆಪ್ಟ್ ಆಗುತ್ತದೆ ಅಂತಲೂ ಮಾತು ಕೊಡಲಿಲ್ಲ. ಯಾಕೆ ಕೊಡಬೇಕು? ಅದು ಅವರ ಕೈಯಲ್ಲಿ ಇಲ್ಲವಲ್ಲ. ಗ್ಯಾರಂಟಿ ಅಂದವರನ್ನು ನಾನು ಈಗ ಅಲ್ಲಿಗೇ ಬಿಟ್ಟುಬಿಡುತ್ತೇನೆ.

ಎಲ್ಲವನ್ನೂ ಇಮೇಲ್‌ನಲ್ಲಿ ಬರೆಸಿಕೊಂಡೆ. ಪದಕ್ಕೆ 1 ರೂಪಾಯಿ 20 ಪೈಸೆ, ಅರ್ಧ ಮುಂಚೆ, ಅರ್ಧ ಕೆಲಸ ಮುಗಿದ ಮೇಲೆ. ಹನ್ನೆರಡು ದಿನ. ರಿವ್ಯೂ ಬಂದ ಮೇಲೆ ಬದಲಾದ ಭಾಗವನ್ನು ಇನ್ನೊಮ್ಮೆ ನೋಡಿಕೊಡುವುದು. ನನ್ನನ್ನು ಕೇಳದೆ ಫೈಲನ್ನು ಯಾವ ಎಐ ಟೂಲ್‌ಗೂ ಹಾಕಬಾರದು. ಪ್ರಕಟವಾಗದ ಅಂಕಿಅಂಶ ಇರುತ್ತದಲ್ಲ, ಅದಕ್ಕೇ ಈ ಕೊನೆಯ ಷರತ್ತು. ಕೆಲಸ ಕೇಳುವಾಗ ಪ್ರೂಫ್ ರೀಡಿಂಗ್ ಅನ್ನದೆ ಕಾಪಿ ಎಡಿಟಿಂಗ್ ಅಂತ ಸ್ಪಷ್ಟವಾಗಿ ಹೇಳುವುದೂ ಮುಖ್ಯ. ಪ್ರೂಫ್ ಅಂದರೆ ಕೊನೆಯಲ್ಲಿ ಅಕ್ಷರ, ಚಿಹ್ನೆಗಳ ತಪ್ಪು ನೋಡುವುದು. ವಾಕ್ಯ ಸರಿಮಾಡುವುದು ಬೇರೆ ಕೆಲಸ, ಅದಕ್ಕೆ ಸಮಯವೂ ದುಡ್ಡೂ ಜಾಸ್ತಿ.

ಇಷ್ಟು ಕೊಡಲು ಆಗದವರು ಲ್ಯಾಬ್ ಗೆಳೆಯರ ಜೊತೆ ಪೇಪರ್ ಅದಲುಬದಲು ಮಾಡಿಕೊಂಡು ಓದಬಹುದು. ಆಥರ್‌ಎಯ್ಡ್ ಅನ್ನೋ ಜಾಲದಲ್ಲಿ ಅನುಭವಿ ಸಂಶೋಧಕರು ಉಚಿತವಾಗಿ ಮಾರ್ಗದರ್ಶನ ಮಾಡುತ್ತಾರೆ, ಅದನ್ನೂ ನೋಡಿ.

ತಿದ್ದಿದ ಫೈಲ್ ಬಂದಾಗ ಎಲ್ಲವನ್ನೂ ಕಣ್ಣು ಮುಚ್ಚಿ ಒಪ್ಪಲಿಲ್ಲ. ಮೂರು ದಿನ ಕೂತು ಒಂದೊಂದೇ ತಿದ್ದುಪಡಿ ನೋಡಿದೆ. ಹತ್ತಾರು ಕಡೆ ನನ್ನ ಮಾತನ್ನೇ ಉಳಿಸಿಕೊಂಡೆ. ಈ ಸಲ ರಿವ್ಯೂವರ್‌ಗಳು ಕೇಳಿದ್ದೆಲ್ಲ ಮಣ್ಣಿನ ಬಗ್ಗೆಯೇ, ಭಾಷೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಪೇಪರ್ ಪ್ರಕಟವಾಗುವ ಮುಂಚೆ ಮೈಸೂರಿನ ಎಡಿಟರ್ ಒಪ್ಪಿಗೆ ಪಡೆದು ಕೃತಜ್ಞತೆಯಲ್ಲಿ ಅವರ ಹೆಸರು ಹಾಕಿದೆ. ಎರಡನೇ ಪೇಪರ್ ಈಗ ಅವರ ಹತ್ತಿರವೇ ಇದೆ, ನಿನ್ನೆ ರಾತ್ರಿ ಮೊದಲ ಪ್ರಶ್ನೆ ಬಂದಿದೆ: ಎರಡನೇ ಟೇಬಲ್‌ನ ಮೊತ್ತ ಯಾಕೆ ಕೂಡುತ್ತಿಲ್ಲ?