ಎಂಆರ್‌ಐನಲ್ಲಿ ಟ್ಯಾಂಡಮ್ ತುದಿ ಸಿಗದಿದ್ದಾಗ

ಪುಣೆಯಲ್ಲಿ ನಮ್ಮ ವಿಭಾಗಕ್ಕೆ ಗರ್ಭಕಂಠ ಕ್ಯಾನ್ಸರ್‌ನ ಬ್ರಾಕಿಥೆರಪಿಗೆ (ವಿಕಿರಣ ಮೂಲವನ್ನು ದೇಹದೊಳಗೇ ಇಟ್ಟು ಕೊಡುವ ಚಿಕಿತ್ಸೆ) ಟೈಟಾನಿಯಂ ಅಪ್ಲಿಕೇಟರ್, ಅಂದರೆ ಆ ಮೂಲವನ್ನು ಒಳಗೆ ಒಯ್ಯುವ ಸಾಧನ, ಬಂದಾಗಿನಿಂದ ಒಂದೇ ತಕರಾರು. ಎಂಆರ್‌ಐನಲ್ಲಿ ಅದರ ಟ್ಯಾಂಡಮ್‌ನ (ಗರ್ಭಾಶಯದೊಳಗೆ ಹೋಗುವ ಕೊಳವೆ) ತುದಿ ಕಪ್ಪಾಗಿ ಊದಿಕೊಂಡು, ನಿಜವಾದ ತುದಿ ಎಲ್ಲಿದೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಕೆಲವೇ ಮಿಲಿಮೀಟರ್ ತಪ್ಪಿದರೂ ಮೂತ್ರಕೋಶ, ಗುದನಾಳಕ್ಕೆ ಬೀಳುವ ಡೋಸ್ ಬದಲಾಗುತ್ತದೆ, ಸುಮ್ನೆ ಅಂದಾಜಿಗೆ ಬಿಡೋಕಾಗಲ್ಲ ಅಲ್ವಾ?

ಅದಕ್ಕೇ ಪರೀಕ್ಷಿಸಿ ನೋಡಲು ಪ್ಲಾಸ್ಟಿಕ್ ಡಬ್ಬಿಗೆ ಅಗರ್ ಜೆಲ್ ತುಂಬಿ, ಅಪ್ಲಿಕೇಟರನ್ನು ರೋಗಿಯಲ್ಲಿರುವಷ್ಟೇ ಓರೆಯಾಗಿ ಇಟ್ಟೆ. ಕಾಂತಕ್ಷೇತ್ರಕ್ಕೆ ಲೋಹ ಯಾವ ಕೋನದಲ್ಲಿದೆ ಅನ್ನೋದರ ಮೇಲೆ ಆ ಕಪ್ಪು ಕಲೆಯ ಆಕಾರವೂ ಬದಲಾಗುತ್ತದೆ. ಡಬ್ಬಿಯ ಹೊರಗೆ ಮೀನೆಣ್ಣೆ ಕ್ಯಾಪ್ಸೂಲ್ ಅಂಟಿಸಿದೆ, ಅವು ಸಿಟಿ ಸ್ಕ್ಯಾನ್‌ನಲ್ಲೂ ಎಂಆರ್‌ಐನಲ್ಲೂ ಕಾಣುತ್ತವೆ. ಅವುಗಳ ಗುರುತಿನಿಂದ ಎರಡೂ ಚಿತ್ರಗಳನ್ನು ಹೊಂದಿಸಿ, ಸಿಟಿಯಲ್ಲಿ ಕಾಣುವ ತುದಿಗೂ ಎಂಆರ್‌ಐ ಕಲೆಗೂ ಇರುವ ಅಂತರ ಅಳೆದೆ.

ಆಮೇಲೆ ಕಲೆ ಕುಗ್ಗಿಸಲು 3 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಎಂಆರ್‌ಐ ಯಂತ್ರ ಬಿಟ್ಟು 1.5ಕ್ಕೆ ಬಂದೆವು. ಗ್ರೇಡಿಯೆಂಟ್ ಎಕೋ ಅನ್ನೋ ಸ್ಕ್ಯಾನ್ ವಿಧಾನದ ಬದಲು ಟಿ2 ಟರ್ಬೋ ಸ್ಪಿನ್ ಎಕೋ, ಸ್ಲೈಸ್ 3 ಮಿ.ಮೀ., ಬ್ಯಾಂಡ್‌ವಿಡ್ತ್ (ಸಿಗ್ನಲ್ ಓದುವ ಆವರ್ತನದ ವ್ಯಾಪ್ತಿ) ಜಾಸ್ತಿ. "ಸರ್, ಚಿತ್ರ ಮರಳು ಮರಳಾಗಿದೆ" ಅಂದ ನಮ್ಮ ಧಾರವಾಡದ ಟೆಕ್ನಿಷಿಯನ್. ನಿಜ, ಬ್ಯಾಂಡ್‌ವಿಡ್ತ್ ಏರಿದರೆ ನಾಯ್ಸ್ ಹೆಚ್ಚಿ, ಅದಕ್ಕೆ ಹೋಲಿಸಿದರೆ ಸಿಗ್ನಲ್ ಇಳಿಯುತ್ತದೆ. ಆವರೇಜ್ (ಒಂದೇ ಸಿಗ್ನಲ್ ಮತ್ತೆ ಮತ್ತೆ ತೆಗೆದು ಸರಾಸರಿ ಮಾಡೋದು) ಹೆಚ್ಚಿಸಿದೆವು, ಸ್ಕ್ಯಾನ್ ಸಮಯ ಉದ್ದವಾಯಿತು, ಆದರೆ ಕಲೆ ಚೆನ್ನಾಗಿ ಕುಗ್ಗಿತು. ಉಳಿದಿದ್ದನ್ನು ಅಳೆದ ಅಂತರದಿಂದ ಪ್ಲಾನ್‌ನಲ್ಲಿ ಸರಿಪಡಿಸುತ್ತೇವೆ.

ಪ್ಲಾಸ್ಟಿಕ್ ಅಪ್ಲಿಕೇಟರ್‌ಗೆ ಈ ಊತದ ಕಾಟವಿಲ್ಲ, ಆದರೆ ಒಳಗಿನ ಕೊಳವೆಯೇ ಕಾಣಲ್ಲ. ಅದಕ್ಕೆ ತಾಮ್ರದ ಸಲ್ಫೇಟ್ ದ್ರಾವಣ ತುಂಬಿದ ಮಾರ್ಕರ್ ತೂರಿಸಬೇಕು.