ನೆರೆ ಇಳಿದ ಮೇಲೆ ನೀರಂಜಿ ಮರದ ಆರೈಕೆ

ನೆರೆ ಇಳಿದ ವಾರದಲ್ಲಿ ದಂಡೆಯ ನೀರಂಜಿ ಮರ ಸತ್ತೇಹೋದಂತೆ ಕಾಣುತ್ತದೆ. ಎಲೆ ಹಳದಿಯಾಗಿ ಉದುರಿರುತ್ತದೆ, ಬುಡದ ತುಂಬ ರಾಡಿ, ಕೊಂಬೆಗೆ ಸಿಕ್ಕ ಪ್ಲಾಸ್ಟಿಕ್. ಆದರೂ ಕೊಡಲಿ ತೆಗೆಯಬೇಡಿ. ವಿಲ್ಲೋ ಕುಲದ ಈ ಮರ ಬೇರಿಗೆ ಉಸಿರು ಸಾಲದಾದಾಗ ಎಲೆ ಕಳಚಿ ಖರ್ಚು ಇಳಿಸಿಕೊಳ್ಳುತ್ತದೆ, ಅಷ್ಟೆ.

ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಒಂದೆರಡು ದಿನಕ್ಕೇ ಮುಗಿಯುತ್ತದೆ. ನೀರಿನೊಳಗೆ ಅದು ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಹಾಗಾಗಿ ಪಪ್ಪಾಯಿ ಗಿಡ ಮೂರ್ನಾಲ್ಕು ದಿನಕ್ಕೇ ಕೊಳೆಯುತ್ತದೆ. ನೀರಂಜಿಯ ತೊಗಟೆಯೊಳಗೆ ಮಾತ್ರ ಬೇರಿನ ಮೊಳಕೆಗಳು ಮೊದಲೇ ತಯಾರಿರುತ್ತವೆ. ಕಾಂಡ ಮುಳುಗಿದ ಕೆಲವೇ ದಿನಗಳಲ್ಲಿ ಅವು ನೀರಿನ ಮಟ್ಟದ ಬಳಿ ಕೂದಲಿನಂತೆ ಗೊಂಚಲಾಗಿ ಹೊರಡುತ್ತವೆ. ಅವುಗಳೊಳಗಿನ ಗಾಳಿ ಓಡಾಡುವ ಟೊಳ್ಳು ಬೇರನ್ನು ಉಳಿಸುತ್ತದೆ. ಕಸ ತೆಗೆಯುವಾಗ ಈ ಗೊಂಚಲನ್ನೂ ಕೊಳೆತ ನಾರೆಂದು ಕಿತ್ತುಬಿಡುವವರೇ ಹೆಚ್ಚು, ಅದನ್ನು ಮುಟ್ಟಬಾರದು.

2019ರ ಆಗಸ್ಟ್‌ನಲ್ಲಿ ವರದಾ, ಮಲಪ್ರಭಾ ಉಕ್ಕಿದಂಥ ನೆರೆಯಲ್ಲೂ ಎಲ್ಲ ಕಡೆ ಪೆಟ್ಟು ಒಂದೇ ಅಲ್ಲ. ಹರಿಯುವ ನೀರು ಸ್ವಲ್ಪವಾದರೂ ಆಮ್ಲಜನಕ ತರುತ್ತದೆ. ನವಲಗುಂದದ ಕಡೆ ಬೆಣ್ಣಿಹಳ್ಳದ ಎರೆಭೂಮಿಯಲ್ಲಿ ನಿಂತುಬಿಡುವ ಬೆಚ್ಚನೆಯ ನೀರು ಹೆಚ್ಚು ಅಪಾಯ. ತಲೆ ಸಮೇತ ಮುಳುಗಿದ ಎಳೆ ಗಿಡ ನೀರಂಜಿಯಾದರೂ ಬಹಳ ದಿನ ತಾಳದು.

ಮೊದಲ ಕೆಲಸ ಪರೀಕ್ಷೆ. ರೆಂಬೆಯ ತುದಿಯಿಂದ ಕೆಳಗೆ ಬರುತ್ತ ಅಲ್ಲಲ್ಲಿ ಉಗುರಿನಿಂದ ತೊಗಟೆ ಕೆರೆಯಿರಿ. ಒಳಗೆ ಹಸಿರಾಗಿ ಒದ್ದೆಯಿದ್ದರೆ ಜೀವವಿದೆ. ಕಂದಾಗಿ ಒಣಗಿದ್ದರೆ ಅಷ್ಟು ಭಾಗ ಹೋಯಿತು. ತುದಿಯೆಲ್ಲ ಒಣಗಿ ಕಾಂಡ ಹಸಿರಿದ್ದರೂ ಆರೆಂಟು ವಾರ ಕಾಯಿರಿ, ಬುಡದಿಂದ ಚಿಗುರುತ್ತದೆ. ಯೂರಿಯಾ ಹಾಕುವುದು ದಂಡ: ಜವುಳು ಮಣ್ಣಿನಲ್ಲಿ ಅದರ ಸಾರಜನಕದ ಸಾಕಷ್ಟು ಪಾಲು ಗಾಳಿಗೆ ಹೋಗುತ್ತದೆ.

ವಾಲಿದ ಗಿಡ ಮಣಿಕಟ್ಟಿಗಿಂತ ತೆಳ್ಳಗಿದ್ದರೆ ಮಣ್ಣು ಹಸಿಯಿರುವಾಗಲೇ ನೆಟ್ಟಗೆ ಮಾಡಿ, ಬಿದಿರಿಗೆ ಹಳೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ದಪ್ಪ ಮರವನ್ನು ಎಳೆದು ನಿಲ್ಲಿಸಿದರೆ ಉಳಿದ ಬೇರೂ ಹರಿಯುತ್ತದೆ. ಮೊಳಕಾಲೆತ್ತರಕ್ಕೆ ಕತ್ತರಿಸಿ, ಹೊಸ ಕಾಂಡ ಏಳಲು ಬಿಡಿ. ಬುಡಕ್ಕೆ ಒಂದು ಗೇಣು ಹೂಳು ಬಿದ್ದಿದ್ದರೆ ನೀರಂಜಿಗೆ ತೊಂದರೆಯಿಲ್ಲ, ಅದರಲ್ಲೇ ಬೇರಿಳಿಸುತ್ತದೆ. ಪಕ್ಕದ ಮಾವಿನ ಬುಡದ ಹೂಳನ್ನು ಮಾತ್ರ ಸಲಿಕೆಯಿಂದ ಎಳೆದು ಹಾಕಲೇಬೇಕು.

ಮುರಿದ ಕೊಂಬೆಗಳನ್ನು ಒಲೆಗೆ ಒಯ್ಯಬೇಡಿ. ಕುಸಿದ ದಂಡೆ ಕಟ್ಟಲು ಇದಕ್ಕಿಂತ ಅಗ್ಗದ ಸಾಮಾನಿಲ್ಲ. ಹಸಿರಿರುವ, ಹೆಬ್ಬೆರಳಿಗಿಂತ ದಪ್ಪನೆಯ ಕೊಂಬೆಯನ್ನು ಮೂರರಿಂದ ನಾಲ್ಕು ಅಡಿ ಉದ್ದಕ್ಕೆ ಕತ್ತರಿಸಿ. ಬುಡದ ತುದಿಯನ್ನು ಓರೆಯಾಗಿ, ಮೇಲಿನದನ್ನು ನೇರವಾಗಿ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ತಪ್ಪಾಗದು. ಎಲೆ ಸವರಿ, ಬುಡದ ಕಡೆಯನ್ನು ಒಂದೆರಡು ದಿನ ನೀರಿನಲ್ಲಿಡಿ. ಹಾರಿಯಿಂದ ಮೊದಲೇ ಕುಳಿ ಮಾಡಿ. ನೇರವಾಗಿ ಬಡಿದರೆ ತೊಗಟೆ ಸುಲಿಯುತ್ತದೆ. ಮೂರರಲ್ಲಿ ಎರಡು ಪಾಲು ಮಣ್ಣಿನೊಳಗಿರಲಿ. ಸಂದಿಗೆ ರಾಡಿ ಸುರಿದು ಕಾಲಿನಿಂದ ಗಟ್ಟಿಯಾಗಿ ತುಳಿಯಿರಿ, ಒಳಗೆ ಪೊಳ್ಳು ಉಳಿದರೆ ಬೇರು ಒಣಗುತ್ತದೆ. ಎರಡರಿಂದ ಮೂರು ಅಡಿಗೊಂದರಂತೆ, ಒಂದು ಸಾಲಿನ ಕಡ್ಡಿ ಪಕ್ಕದ ಸಾಲಿನ ಎರಡು ಕಡ್ಡಿಗಳ ನಡುವಿಗೆ ಬರುವಂತೆ ನೆಡಿ.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಮ್ಮ ಭಾಗಕ್ಕೆ ಸರಿಯಾದ ಕಾಲ. ಜೂನ್‌ನಲ್ಲಿ ನೆಟ್ಟದ್ದು ಬೇರು ಹಿಡಿಯುವ ಮೊದಲೇ ಮುಂದಿನ ಪ್ರವಾಹಕ್ಕೆ ಕೊಚ್ಚಿಹೋಗಬಹುದು. ಮಣ್ಣಿನ ತೇವ ಕೆಳಗಿಳಿದಂತೆ ಬೇರೂ ಅದರ ಹಿಂದೆ ಇಳಿಯಬೇಕು. ಕಡ್ಡಿಗಳನ್ನು ಆಳಕ್ಕೆ ಹುಗಿಯುವುದೂ ಇದಕ್ಕೇ. ಮೇಲೆ ಮೇಲೆ ನೆಟ್ಟವು ಫೆಬ್ರುವರಿ ಬಿಸಿಲಿಗೆ ಒಣಗುತ್ತವೆ. ಎರೆಮಣ್ಣು ಬಿರಿದು ಬೇರು ಹರಿಯದಂತೆ ಬುಡಕ್ಕೆ ಜೋಳದ ದಂಟು ಹಾಸಿ. ಆಡು, ಕುರಿ ಚಿಗುರನ್ನು ಬಿಡುವುದಿಲ್ಲ, ಎರಡು ಬೇಸಿಗೆ ಮುಳ್ಳುಕಂಟಿಯ ಬೇಲಿ ಇರಲಿ.

ಹಳ್ಳದ ನಡುವೆ ಮಾತ್ರ ನೆಡಬೇಡಿ. ಅಲ್ಲಿ ಬೆಳೆದ ಪೊದೆಗೆ ಕಸ ಕಟ್ಟಿಕೊಂಡರೆ ನೀರು ತಿರುಗಿ ಎದುರಿನ ದಂಡೆಯನ್ನು ಕೊರೆಯುತ್ತದೆ. ಬಾವಿ ಕಟ್ಟೆ, ಗಟಾರದ ಪೈಪ್‌ನಿಂದಲೂ 30 ಅಡಿಯಾದರೂ ದೂರವಿರಲಿ; ಸಣ್ಣ ಬಿರುಕು ಸಿಕ್ಕರೆ ಸಾಕು, ಬೇರು ಒಳಗೆ ನುಗ್ಗುತ್ತದೆ.